ಚೆಂಬೂರನ್ನು ಒಳಗೆ ಬಿಡದ ಯಂತ್ರ

೧೯೯೨ರ ಒಂದು ಸೋಮವಾರ ಬೆಳಿಗ್ಗೆ ಮುಂಬಯಿಯ ಘಾಟ್ಕೋಪರಿನಲ್ಲಿ ಘನಘೋರ ಸಂಗತಿಯೊಂದು ನಡೆಯಿತು: ಒಂದು ಕಂಪ್ಯೂಟರು ಇನ್ನೊಂದು ಕಂಪ್ಯೂಟರಿನ ಗುರುತು ಹಿಡಿಯಲಿಲ್ಲ.

ಚೆಂಬೂರಿನ ಔಷಧ ಕಾರ್ಖಾನೆಯ ಯೂನಿಕ್ಸ್ ಯಂತ್ರ ದಿನವೂ ಟೆಲಿಫೋನ್ ಲೈನಿನ ಮೂಲಕ ಘಾಟ್ಕೋಪರ್ ಆಫೀಸಿನ ಯಂತ್ರದೊಳಗೆ ಹೊಕ್ಕು, ದಾಸ್ತಾನಿನ ಪಟ್ಟಿ ಇಟ್ಟು ಬರುತ್ತಿತ್ತು. ಪಾಸ್‌ವರ್ಡ್ ಬೇಕಿರಲಿಲ್ಲ. 'ಚೆಂಬೂರಿನಿಂದ ಬಂದರೆ ಬಿಡು' ಎನ್ನುವ ಅರ್ಥದ ಒಂದು ಸಾಲಿನ ಫೈಲು ಅಲ್ಲಿತ್ತು. ಇಂದು ಬಂದ ಉತ್ತರ ಬೇರೆ — ಅನುಮತಿ ಇಲ್ಲ.

ಚೆಂಬೂರಿನ ಆಪರೇಟರ್ ನೀಲಾವತಿಯನ್ನು ಘಾಟ್ಕೋಪರ್ ಆಫೀಸಿಗೆ ಕರೆಸಿದರು. ಅವಳ ಪ್ರೊಬೇಷನ್ ಅಂದೇ ಮುಗಿಯುವುದಿತ್ತು.

"ಏನಮ್ಮ, ಶನಿವಾರ ಕೊನೇಲಿ ಯಂತ್ರದ ಮುಂದೆ ಕೂತಿದ್ದು ನೀನೇ ತಾನೆ?" ಎಂದರು ಮ್ಯಾನೇಜರ್ ರಾಮಸ್ವಾಮಿ. "ಏನು ಗಡ್‌ಬಡ್ ಮಾಡಿದೆ? ಹೇಳದಿದ್ರೆ ಖಾಯಂ ಲೆಟರ್‌ಗೆ ಸೈನ್ ಹಾಕೋಲ್ಲ."

"ಪಟ್ಟಿ ಕಳಿಸಿದೆ ಸರ್, ಲೋಕಲ್ ಟ್ರೇನ್ ಹಿಡಿದು ಮನೆಗೆ ಹೋದೆ. ಅಷ್ಟೇ."

ದುರಸ್ತಿಗೆ ಬಂದಿದ್ದ ಇಂಜಿನಿಯರ್ ಕುತುಬುದ್ದೀನ, ಬಿಜಾಪುರದ ಕಡೆಯವನು, ಪರದೆಯ ಮುಂದೆ ಕೂತ.

"ಲೈನ್ ಸರಿ ಐತಿ. ಆ ಫೈಲ್ ಯಾರ್ ನೋಡೀರಿ?"

"ನಾನು," ಎಂದರು ಘಾಟ್ಕೋಪರ್ ಯಂತ್ರ ನೋಡಿಕೊಳ್ಳುವ ಸದಾನಂದ. "ಒಂದಕ್ಷರ ಬದಲಾಗ್ಲಿಲ್ಲ ಮಾರಾಯ್ರೇ. ತಾರೀಖೂ ಹೋದ ವರ್ಷದ್ದೇ. ಯಾರೂ ಮುಟ್ಟಿಲ್ಲ."

"ಇವತ್ತ ನೀವು ಡ್ಯೂಟಿ ಮ್ಯಾಲೆ ಅದೀರಿ?"

"ಇವತ್ತಿಂದ ರಜೆ ಇತ್ತು. ಈ ರಾಮಾಯಣದಲ್ಲಿ ಹೋಯ್ತು."

ಕುತುಬುದ್ದೀನ ಪರದೆಯಲ್ಲಿ ಆ ಫೈಲಿನ ವಿವರ ತೋರಿಸುವ ಸಾಲಿಗೆ ಬೆರಳಿಟ್ಟ. "ಎಲ್ಲಾರೂ ಫೈಲ್ ಓದೀರಿ, ತಾರೀಖ್ ನೋಡೀರಿ. ಸಾಲಿನ ಮೊದಲಿಗಿರೋ ಈ ಅಕ್ಷರಗಳ್ನ ಬಿಟ್ಟೀರಿ. ಇದನ್ನ ಯಾರ್ ಬೇಕಾದ್ರೂ ತಿದ್ದಬಹುದು ಅಂತ ಅವುಗಳ ಅರ್ಥ. ಹಂಗ ಪರ್ಮಿಷನ್ ಕೊಟ್ರ ತಾರೀಖ್ ಬದಲಾಗೂದಿಲ್ಲ. ಆದ್ರ ಯಾರ್ ಬೇಕಾದ್ರೂ ತಿದ್ದೋ ಚೀಟೀನ ಯಂತ್ರ ನಂಬೂದಿಲ್ಲ."

"ಬರೆದದ್ದು ಸರಿಯಿದ್ರೂ?" ನೀಲಾವತಿ ಕೇಳಿದಳು.

"ಸರಿ ಇದ್ರೂ."

ಅವಳು ಆ ಬೂದು ಪೆಟ್ಟಿಗೆಯನ್ನೇ ದಿಟ್ಟಿಸಿದಳು. ಆಂಟಾಪ್ ಹಿಲ್‌ನ ಅವಳ ಬಿಲ್ಡಿಂಗಿನ ವಾಚ್‌ಮನ್ ಮುಖ ಪರಿಚಯವಾದರೆ ಸಾಕು, ಗೇಟು ತೆರೆಯುತ್ತಾನೆ. ಇದು ವರ್ಷದ ಪರಿಚಯವನ್ನು ಬದಿಗಿಟ್ಟು, ತನ್ನ ಕೈಲಿದ್ದ ಚೀಟಿಯನ್ನೇ ಶಂಕಿಸಿತ್ತು — ಯಾರ ಮುಲಾಜೂ ಇಲ್ಲದೆ. ದೇವರ ಮುಂದೆ ನಿಂತಾಗಲೂ ಅವಳಿಗೆ ಇಷ್ಟು ಮೈ ನವಿರೇಳಿರಲಿಲ್ಲ.

"ಮಾಡಿದ್ದು ಯಾರು?" ರಾಮಸ್ವಾಮಿ ಕೇಳಿದರು.

"ಪರ್ಮಿಷನ್ ಬದಲಿಸೋ ಹಕ್ಕು ಫೈಲಿನ ಮಾಲೀಕಗ ಐತಿ. ಚೆಂಬೂರಿನವ್ರಿಗೆ ಇಲ್ಲ. ಮಾಲೀಕನ ಹೆಸರು ಅದ ಸಾಲಿನ್ಯಾಗ ಐತಿ — ಸದಾನಂದ."

ಸದಾನಂದ ಕನ್ನಡಕ ತೆಗೆದು ಒರೆಸಿದರು. "ರಜೆಯಲ್ಲಿ ನಾನು ಇಲ್ಲದಾಗ ಇಲ್ಲಿಯವರಿಗೆ ತೊಂದರೆ ಬೇಡ ಅಂತ ಶನಿವಾರ ಹೊರಡುವಾಗ ನನ್ನ ಫೈಲೆಲ್ಲ ಎಲ್ಲರಿಗೂ ಬಿಟ್ಟೆ. ಉಪಕಾರಕ್ಕೆ."

ಕುತುಬುದ್ದೀನ ಆ ಪರ್ಮಿಷನ್ ಕಿತ್ತುಹಾಕುವ ಒಂದು ಸಾಲು ಟೈಪ್ ಮಾಡಿ, ಪಟ್ಟಿ ಮತ್ತೆ ಕಳಿಸಿರೆಂದು ಚೆಂಬೂರಿಗೆ ಫೋನ್ ಹಚ್ಚಿದ. ಪಟ್ಟಿ ಬಂತು.

ಸಂಜೆಯೊಳಗೆ ನೀಲಾವತಿಯ ಕೆಲಸ ಖಾಯಂ ಆಯಿತು.