ಟೇಪಿನ ಸೊನ್ನೆ ತುದಿ

"ಮೇಡಂ, ಈ ಸಲವೂ ಫ್ರೇಮ್ ಕೂರಲಿಲ್ಲ."

ಚೌಕಟ್ಟಿನ ಬಡಗಿ ತಲೆ ತಗ್ಗಿಸಿ ನಿಂತಿದ್ದ. ಅವನು ತಂದ ಎರಡನೆಯ ಚೌಕಟ್ಟಿಗೂ ಚಿತ್ರಕ್ಕೂ ನಡುವೆ ಒಂದು ಬೆರಳು ನುಗ್ಗುವಷ್ಟು ಸಂದಿ.

ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವ ಅವಳು ಏನೂ ತಿಳಿಯದವಳಂತೆ ಹತ್ತಿಯ ಕಡ್ಡಿ ಒದ್ದೆ ಮಾಡಿಕೊಂಡಳು. ಚಿತ್ರ ಮುಟ್ಟುವ ಹಕ್ಕು ಅವಳೊಬ್ಬಳದು. ಹಾಗಾಗಿ ಅಳೆಯುವಾಗ ಟೇಪಿನ ಸೊನ್ನೆ ತುದಿ ಹಿಡಿಯುವವಳು ಅವಳು, ಇನ್ನೊಂದು ತುದಿಯಲ್ಲಿ ಅಂಕಿ ಓದುವವನು ಅವನು. ಎರಡು ಸಲವೂ ಅವಳು ತನ್ನ ತುದಿಯನ್ನು ಅಂಚಿನಾಚೆಗೆ ಬೆರಳಗಲ ಜಾರಿಸಿದ್ದಳು. ಚೌಕಟ್ಟು ಸರಿಹೋದರೆ ಅವನು ಮತ್ತೆ ಬರುವುದಿಲ್ಲವಲ್ಲ.

ಚಿತ್ರದಲ್ಲಿ ಬೆತ್ತಲೆ ಹೆಂಗಸೊಬ್ಬಳು ಮೊಣಕಾಲು ತಬ್ಬಿ ಕೂತಿದ್ದಳು. ತೊಡೆ ಹಸಿರು, ಭುಜ ಕೆಂಡಗೆಂಪು, ಸುತ್ತ ದಪ್ಪ ಕರಿಗೆರೆ.

"ಬೈತೀರೇನೋ ಅಂತ ಇಷ್ಟು ದಿನ ಸುಮ್ಮನಿದ್ದೆ. ಯಾವ ಹೆಂಗಸಿನ ಮೈ ಹಸಿರಿರುತ್ತೆ, ಮೇಡಂ?"

"ಅದು ಅವಳ ಮೈಬಣ್ಣ ಅಲ್ಲ. ಅವಳನ್ನ ನೋಡ್ತಿದ್ದವನ ಸಂಕಟದ ಬಣ್ಣ."

"ಅಯ್ಯೋ, ಅಷ್ಟೊಂದು ಸಂಕಟಾನಾ? ಬಾಯಿಬಿಟ್ಟು ಹೇಳಿದ್ರೆ ಬಣ್ಣ ಆದ್ರೂ ಉಳೀತಿತ್ತು."

ಅವಳು ನಕ್ಕಳು. ಅವನ ಹುಬ್ಬಿಗೆ ಮರದ ಹುಡಿ ಅಂಟಿತ್ತು. ಒರೆಸಲು ಎದ್ದ ಬೆರಳನ್ನು ಹತ್ತಿಕಡ್ಡಿಗೇ ಬಿಗಿದುಕೊಂಡಳು.

"ನಾಳೆಯಿಂದ ನಮ್ಮ ಭಾವ ಬರ್ತಾರೆ," ಎಂದ ಅವನು. "ನನ್ನ ಕಣ್ಣು ಕೈಕೊಟ್ಟಿದೆ. ಹದಿನೆಂಟು ವರ್ಷದಲ್ಲಿ ಒಂದಳತೇನೂ ತಪ್ಪಿರಲಿಲ್ಲ. ಇನ್ನು ಅಂಗಡೀಲೇ ಪಾಲಿಶ್ ಹಚ್ಕೊಂಡು ಇರ್ತೀನಿ."

ಅವಳು ಹತ್ತಿಕಡ್ಡಿ ಕೆಳಗಿಟ್ಟಳು. ಮಾತನ್ನು ಮೂರು ಸಲ ತೂಗಿ ಆಡುವವಳು, ಇದೊಂದನ್ನು ತೂಗಲಿಲ್ಲ.

"ತಪ್ಪು ನಿಮ್ಮ ತುದೀಲಿಲ್ಲ. ನಾನೇ ಟೇಪ್ ಜಾರಿಸ್ತಿದ್ದೆ."

"ನೀವಾ? ಯಾಕೆ?"

"ನೀವು ಇನ್ನೊಂದು ಸಲ ಬರಲಿ ಅಂತ."

ಅವನು ಜೇಬಿನಿಂದ ಹೊಚ್ಚಹೊಸ ಡಬ್ಬಿಯೊಂದನ್ನು ತೆಗೆದ. "ಕನ್ನಡಕ ಮಾಡಿಸಿಬಿಟ್ನಲ್ರೀ! ಡಾಕ್ಟರು ಬೇಡ ಬೇಡ ಅಂದ್ರೂ ಜಗಳ ಆಡಿ ತಗೊಂಡೆ."

"ಕೋಪ ಬಂತಾ?"

"ಬರದೆ ಇರುತ್ತಾ? ಸಾಯಂಕಾಲದವರೆಗೂ ಇಳಿಯಲ್ಲ. ಅಲ್ಲೀವರೆಗೆ ಇಲ್ಲೇ ಕೂತಿರ್ತೀನಿ."

ಸ್ಟೂಲು ಎಳೆದು ಕೂತು, ಕನ್ನಡಕ ಏರಿಸಿ ಅವಳನ್ನು ನೋಡಿದ. ಮೂರು ತಿಂಗಳಿಂದ ಚಿತ್ರದೊಳಗಿನ ಇನ್ನೊಬ್ಬಳ ಮೈಯನ್ನು ಭೂತಗನ್ನಡಿಯಲ್ಲಿ ಇಂಚಿಂಚೂ ನೋಡಿದ್ದವಳಿಗೆ, ನೋಡಿಸಿಕೊಳ್ಳುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಕಿವಿಯವರೆಗೂ ಕೆಂಪಾದಳು. ಆದರೂ ಮುಖ ತಿರುಗಿಸಲಿಲ್ಲ.