ಪಾಪೆಯ ಅಳತೆ

ಒಂದು ನಿಮಿಷ ಇಲ್ಲಿ ಕೇಳಿ, ಆಮೇಲೆ ಬೇಕಾದರೆ ಎದ್ದು ಹೋಗಿ. ಇದು ಡಾಕ್ಟರು ನರ್ಸುಗಳ ಪ್ರೇಮವಲ್ಲ, ಕಣ್ಣು ಮಾಡುವವಳ ಕಥೆ. ಹೌದು, ಕಣ್ಣು! ಒಂದು ಕಣ್ಣು ಕಳೆದುಕೊಂಡವರಿಗೆ ಉಳಿದದ್ದರ ಜೋಡಿ ಅನ್ನಿಸುವಂಥದ್ದನ್ನು ಕೈಯಲ್ಲೇ ಬರೆಯುವವರಿದ್ದಾರೆ. ಬಿಳಿ ಪ್ಲಾಸ್ಟಿಕ್ಕಿನ ಮೇಲೆ ಬಣ್ಣದ ಬಳೆ, ನಡುವೆ ಕಪ್ಪು ಪಾಪೆ, ರಕ್ತನಾಳಗಳಿಗೆ ಕೆಂಪು ರೇಷ್ಮೆಯ ಎಳೆ. ಅವಳು ಇದನ್ನೆಲ್ಲ ಕಲಿತದ್ದು ಸೋದರಮಾವನ ವರ್ಕ್‌ಶಾಪಿನಲ್ಲಿ. ಕಿಟಕಿ ಪಕ್ಕದ ಬರೆಯುವ ಬೆಂಚು ಅವಳ ಪಾಲಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ.

ಅಂಥ ಹೊತ್ತಿಗೆ, ಅವಳು ಎಡಗಣ್ಣು ಬರೆದುಕೊಟ್ಟಿದ್ದ ಗಿರಾಕಿಯೊಬ್ಬ ಬಾಗಿಲು ದಬ್ಬಿಕೊಂಡು ಒಳಗೆ ಬಂದ. ಹಿಂದೆಯೇ ಅವನ ಅಕ್ಕ.

"ಇದೇನ್ರೀ ಮಾಡಿಕೊಟ್ಟಿದ್ದೀರಾ? ಒಂದು ಕಣ್ಣು ಚಿಕ್ಕದು, ಒಂದು ದೊಡ್ಡದು! ನಾನು ಕ್ಷೌರ ಮಾಡೋನು. ಈ ಮುಖ ಇಟ್ಕೊಂಡು ರೇಜರ್ ಹಿಡಿದು ನಿಂತ್ರೆ ಯಾರು ಕುತ್ತಿಗೆ ಕೊಡ್ತಾರೆ?"

"ಮೊದಲು ಕೂತ್ಕೊಳ್ಳಿ."

"ಕೂತೂ ಕೂತೂ ಸಾಕಾಗಿದೆ. ಇದು ನೀವು ಮಾಡಿಕೊಟ್ಟ ಎರಡನೇ ಕಣ್ಣು!"

"ಕೂಗಿದ್ರೆ ಮೂರನೇದು ತಾನಾಗೇ ಹುಟ್ಟಿಬಿಡುತ್ತಾ?"

ಅಕ್ಕ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅವನು ಕೂತ. ಕಣ್ಣು ಬರೆಯುವವಳು ಎದುರಿಗೆ ಸ್ಟೂಲ್ ಎಳೆದುಕೊಂಡು, ಉಸಿರು ತಾಗುವಷ್ಟು ಹತ್ತಿರ ಬಾಗಿ, ಅವನ ಉಳಿದ ಬಲಗಣ್ಣು ನೋಡಿದಳು. ಜೇನಿನ ಬಣ್ಣದ ಬಳೆ, ಅಂಚಿನಲ್ಲೊಂದು ಕಂದು ಚುಕ್ಕೆ. ಎಂಥ ಚೆಂದದ ಕಣ್ಣು, ಎಂಥ ಕೆಟ್ಟ ಬಾಯಿ! ಪಾಪೆಯನ್ನು ಅಳೆದಳು. ಅವಳು ಬರೆದಿದ್ದಷ್ಟೇ ಇತ್ತು, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

"ಸರಿಯಾಗೇ ಇದೆಯಲ್ಲ."

"ಹಾಗಾದ್ರೆ ನಮ್ಮ ಓಣಿಯವರೆಲ್ಲ ಕುರುಡರು ಅಂತೀರಾ, ಮೇಡಂ?"

ಗಲಾಟೆ ಕೇಳಿ ಮಾವ ಬಂದರು. ಅವಳನ್ನು ಬಣ್ಣ ಕಲಸಲು ಒಳಗೆ ಕಳಿಸಿ, ತಾವೇ ಕೂತು, ಅದೇ ಬೆಳಕಿನಲ್ಲಿ ಅಳೆದರು. ಆಮೇಲೆ ಅವಳನ್ನು ಒಂದು ಮೂಲೆಗೆ ಕರೆದರು.

"ನಾನು ಅಳೆದ್ರೆ ಸಣ್ಣದು, ನೀನು ಅಳೆದ್ರೆ ದೊಡ್ಡದು. ಕೈ ಎಲ್ಲಿಟ್ಟಿದ್ದೀಯ, ಮನಸ್ಸು ಎಲ್ಲಿಟ್ಟಿದ್ದೀಯ? ಅಕ್ಕನ ಮಗಳು ಅಂತ ಬಿಡಲ್ಲ ನಾನು. ನಾಳೆ ಅವರು ಬರ್ತಾರೆ. ಎಲ್ಲಿ ತಪ್ಪಿದ್ದು ಅಂತ ಹೇಳು, ಇಲ್ಲ ಬೆಂಚು ಬಿಟ್ಟು ಪಾಲಿಶ್ ಮಷೀನಿಗೆ ಹೋಗು."

ಪಾಲಿಶ್ ಮಷೀನು ಅಂದರೆ ಯಾರೋ ಬರೆದ ಕಣ್ಣನ್ನು ದಿನವಿಡೀ ಉಜ್ಜುತ್ತಾ ಕೂರುವುದು. ಎಲ್ಲ ಆ ಬಾಯಿಬಡುಕನಿಂದ! ತನ್ನ ಅಳತೆ ತಪ್ಪಿಲ್ಲವೆಂದು ಅವಳಿಗೆ ಗೊತ್ತು. ಅವನ ಅಂಗಡಿಯ ಬೆಳಕಿನಲ್ಲಿ ಹೇಗಿರುತ್ತದೋ ನೋಡೇಬಿಡೋಣವೆಂದು ಸಂಜೆ ಹೊರಟಳು.

ಅಂಗಡಿಯ ಬಾಗಿಲು ತೆರೆದಿತ್ತು. ಕನ್ನಡಿಯ ಮೇಲೆ ಸಾಲು ಬಲ್ಬು. ಅವನು ಕನ್ನಡಿಗೆ ಮುಖ ಮಾಡಿ ಒಬ್ಬ ಗಿರಾಕಿಯ ಜೊತೆ ಜಗಳಕ್ಕೆ ಬಿದ್ದಿದ್ದ.

"ಅಲ್ಲಾಡ್ಬೇಡಿ ಅಂತ ಎಷ್ಟು ಸಲ ಹೇಳ್ಲಿ? ಕಿವಿ ಬೇಕಾ ಬೇಡ್ವಾ?"

ಸಿಟ್ಟಿಗೆ ಕುತ್ತಿಗೆಯ ನರ ಉಬ್ಬಿತ್ತು. ಅವಳು ಹೊಸ್ತಿಲ ಆಚೆ ನಿಂತು ಕನ್ನಡಿಯೊಳಗಿನ ಅವನ ಬಲಗಣ್ಣಿಗೆ ಗುರಿಯಿಟ್ಟಳು. ಪಾಪೆ ಸಣ್ಣ. ಮಾವ ಹೇಳಿದಷ್ಟೇ ಸಣ್ಣ.

ಆಗ ಕನ್ನಡಿಯಲ್ಲಿ ಅವನು ಅವಳನ್ನು ಕಂಡ.

ಬಲ್ಬು ಅದೇ, ಕುರ್ಚಿ ಅದೇ, ಸಿಟ್ಟೂ ಅದೇ. ಆದರೆ ಜೇನುಬಣ್ಣದ ನಡುವೆ ಆ ಕಪ್ಪು ಮೆಲ್ಲಗೆ ಅರಳಿತು, ಅರಳಿ ಹಾಗೇ ನಿಂತಿತು. ಅವಳು ಎರಡು ಸಲ ಬರೆದ ಅಳತೆ! ಮನಸ್ಸಿಗೆ ಹಿಡಿದವರನ್ನು ಕಂಡರೆ ಪಾಪೆ ಅರಳುತ್ತದೆಂದು ಎಲ್ಲೋ ಓದಿದ್ದು ಅವಳಿಗೆ ನೆನಪಾಯಿತು.

"ಇಲ್ಲಿಗೂ ಬಂದ್ರಾ? ಏನು ಬೇಕು?" ಎಂದ, ಮೊದಲಿಗಿಂತ ಒರಟಾಗಿ.

"ಏನಿಲ್ಲ" ಎಂದವಳೇ ಹೊರಟುಬಿಟ್ಟಳು. ರಸ್ತೆ ತಿರುಗುವವರೆಗೂ ಅವಳು ನಡೆದಳೋ ಓಡಿದಳೋ ಅವಳಿಗೇ ತಿಳಿಯಲಿಲ್ಲ. ಬೈದವನಿಂದ ಇಷ್ಟು ಖುಷಿಯಾಗುತ್ತಿದೆಯಲ್ಲ, ಇದಕ್ಕೇನು ಹೇಳುವುದು?

ಮಾರನೆಯ ದಿನ ಬೆಂಚಿನ ಸುತ್ತ ಎಲ್ಲರೂ ಸೇರಿದರು. ಮಾವ, ಅವನು, ಅವನ ಅಕ್ಕ. ಪಾಲಿಶ್ ಮಾಡುವವರೂ ಮಷೀನು ನಿಲ್ಲಿಸಿ ಕಿವಿ ಇತ್ತ ಇಟ್ಟಿದ್ದರು.

"ಹೇಳಮ್ಮ" ಎಂದರು ಮಾವ. "ತಪ್ಪು ಎಲ್ಲಾಯ್ತು?"

ಸುಮ್ಮನಿದ್ದರೆ ಬೆಂಚು ಹೋಗುತ್ತದೆ. ಬಾಯಿಬಿಟ್ಟರೆ ಅವನ ಮಾನ ಹೋಗುತ್ತದೆ, ತನ್ನದೂ. ಅವಳು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ನನ್ನ ಕೈ ತಪ್ಪಿಲ್ಲ ಮಾವ. ಇವರ ಪಾಪೆ ಸಣ್ಣದೇ. ನಾನು ಎದುರಿಗೆ ಬಂದ್ರೆ ಮಾತ್ರ ದೊಡ್ಡದಾಗುತ್ತೆ."

ಅವನ ಕಿವಿ ಕೆಂಪಗಾದವು.

"ಅದು ಸಿಟ್ಟು! ಇವರನ್ನ ಕಂಡ್ರೆ ಮೈ ಉರಿಯುತ್ತೆ ನಂಗೆ!"

"ನಿನ್ನೆ ಗಿರಾಕಿ ಮೇಲೂ ಉರೀತಿದ್ರಿ. ಕಣ್ಣು ಸಣ್ಣಗೇ ಇತ್ತು. ನನ್ನ ನೋಡಿದ ತಕ್ಷಣ ಅರಳಿತು. ಇಲ್ಲ ಅನ್ನಿ ನೋಡೋಣ."

"ಇಷ್ಟು ಜನರ ಮುಂದೆ ಹೇಳೋ ಮಾತೇನ್ರೀ ಇದು?"

"ಇಷ್ಟು ಜನರ ಮುಂದೆ ತಾನೇ ನನ್ನ ಕೆಲಸಕ್ಕೆ ಹೆಸರಿಟ್ಟಿದ್ದು?"

"ಅಯ್ಯೋ ಪೆದ್ದ, ನಾನಾಗಲೇ ಅಂದ್ಕೊಂಡೆ!" ಎಂದಳು ಅಕ್ಕ. "ಅಂಗಡಿಗೆ ತಲೆ ಬಾಚದೇ ಹೋಗೋನು ಇಲ್ಲಿಗೆ ಬರುವಾಗ ಇಸ್ತ್ರಿ ಶರ್ಟು."

"ಅಕ್ಕಾ, ನೀನು ಬಾಯಿ ಮುಚ್ಚು!"

ಮಾವ ಕೆಮ್ಮಿದರು. ಸೊಸೆಯ ಮುಖವನ್ನೂ ನೋಡಲಾಗದೆ, ಅವನ ಮುಖವನ್ನೂ ನೋಡಲಾಗದೆ, ಕಿಟಕಿಗೆ ಕೇಳಿದರು: "ಬೆಂಚು ನಿಂದೇ. ಈಗ ಯಾವ ಅಳತೆಗೆ ಬರೀತೀಯ?"

"ಕಣ್ಣು ಅವರದು. ಅವರನ್ನೇ ಕೇಳಿ."

ಅವನು ಎದ್ದು ಬಾಗಿಲವರೆಗೂ ಹೋದ. ಅಲ್ಲೇ ನಿಂತು, ತಿರುಗದೆ ಹೇಳಿದ:

"ಸಣ್ಣದೇ ಬರೀರಿ. ಊರಿಗೆಲ್ಲ ಸರಿಹೋದ್ರೆ ಸಾಕು." ಬಾಗಿಲ ಚಿಲಕಕ್ಕೆ ಕೈ ಹಾಕಿದ. "ನಿಮ್ಮ ಮುಂದೆ ಹೊಂದೋದಿಲ್ಲ, ಗೊತ್ತು. ಅದನ್ನ ನೀವೊಬ್ಬರೇ ನೋಡ್ಕೊಳ್ಳಿ."

ಅಷ್ಟಾದರೂ ಮುನಿಸು ಬಿಟ್ಟನೇ? ಬಾಗಿಲನ್ನು ಧಡಾರನೆ ಹಾಕಿಕೊಂಡೇ ಹೋದ. ಎಲ್ಲರ ಮುಂದೆ ಮಾನ ಕಳೆದಳೆಂದು ಇವತ್ತಿಗೂ ಅವಳನ್ನು ಆಡಿಕೊಳ್ಳುತ್ತಾನೆ, ಅವಳ ಕೈ ಹಿಡಿದುಕೊಂಡೇ. ಹೇಳದೆ ನನಗೆ ಬೇರೆ ದಾರಿ ಎಲ್ಲಿತ್ತು ಎಂದು ಅವಳೂ ಬಿಡುವುದಿಲ್ಲ.

ನೀವೇ ಹೇಳಿ, ಅವಳ ಜಾಗದಲ್ಲಿ ನೀವಾಗಿದ್ದರೆ ಬಾಯಿಬಿಡುತ್ತಿದ್ದಿರಾ, ಇಲ್ಲ ಪಾಲಿಶ್ ಮಷೀನಿನ ಮುಂದೆ ಹೋಗಿ ಕೂರುತ್ತಿದ್ದಿರಾ?