ಗೆರೆ ಮುಟ್ಟಿದ ಚೆಂಡು

ಮಾಳಿಂಗ ಹೊಡೆದ ಮೊದಲ ಸರ್ವ್ ವಿಜಯಶ್ರೀಯ ಮೊಣಕಾಲಿಗೇ ಬಡಿದಿತ್ತು.

ವಿಶ್ವವಿದ್ಯಾಲಯದ ಹುಡುಗಿಯರ ಟೆನಿಸ್ ಟೀಮಿಗೆ ಆಡುವವರೇ ಕಡಿಮೆ. ಹಾಗಾಗಿ ಪ್ರ್ಯಾಕ್ಟೀಸಿಗೆ ಹುಡುಗರ ಟೀಮಿನವರೇ ಜೊತೆಯಾಗಬೇಕು. ಜೇವರ್ಗಿ ಕಡೆಯ ಅಂದೋಲಾದ ಈ ಹುಡುಗ ಓಡಿ ಬಂದು, ಬೇರೇನೂ ತೋಚದೆ, "ನೋವಾತೇನ್ರಿ?" ಅಂದಿದ್ದ.

"ಇಲ್ರಿ, ಆರಾಮ ಅನಸ್ತು. ಇನ್ನೊಂದು ಹೊಡೀರಿ," ಅಂದಿದ್ದಳು ಅವಳು.

ಅವನು ನಕ್ಕ. ನಕ್ಕರೆ ಕಣ್ಣು ಪೂರ್ತಿ ಮುಚ್ಚಿಹೋಗುವ ಮುಖ. ಅಂದಿನಿಂದ ಚೆಂಡು ನೋಡುವ ಬದಲು ಆ ಮುಖ ನೋಡುತ್ತ ಪಾಯಿಂಟ್ ಕಳೆದುಕೊಳ್ಳುವುದು, ಕೋಚ್ ಕೈಯಲ್ಲಿ ಬೈಸಿಕೊಳ್ಳುವುದು ಅವಳಿಗೆ ರೂಢಿಯಾಯಿತು. ಅವನೂ ಬೇಕೆಂದೇ ಚೆಂಡನ್ನು ಅವಳ ಕೈಗೆಟಕುವಂತೆ ಹಾಕುತ್ತಿದ್ದ. ಹಾಕಿ, ಹಾಕಲಿಲ್ಲವೆಂಬಂತೆ ಆಕಾಶ ನೋಡುತ್ತಿದ್ದ. ಮಾತಿನ ಕೊನೆಯ 'ರಿ' ಯಾವಾಗ ಉದುರಿತೋ ಇಬ್ಬರಿಗೂ ತಿಳಿಯಲಿಲ್ಲ. ಪ್ರೀತಿಯ ಮಾತನ್ನು ಮಾತ್ರ ಇಬ್ಬರೂ ಆಡಿರಲಿಲ್ಲ. ಜಾತಿ ಬೇರೆ. ಆಡಿದರೆ ಮುಂದಿನದನ್ನೂ ಆಡಬೇಕಾಗುತ್ತದೆ.

ಕರಜಗಿಯಿಂದ ಕಳಿಸುವಾಗ ಅವಳ ಅಪ್ಪ ಕಲ್ಯಾಣಪ್ಪ ಕರಾರು ಹಾಕಿದ್ದ. ಟೀಮಿನಲ್ಲಿ ಇರುವತನಕ ಹಾಸ್ಟೆಲ್, ಟೀಮ್ ತಪ್ಪಿದ ದಿನ ಮನೆ, ಆಮೇಲೆ ಮದುವೆ. ಗಂಡಿನ ಕಡೆಯವರು ಈಗಾಗಲೇ ಎರಡು ಸಲ ಬಂದು ಚಹಾ ಕುಡಿದು ಹೋಗಿದ್ದರು. ಹಾಗಾಗಿ ಈ ವರ್ಷದ ಆಯ್ಕೆಯ ಪಂದ್ಯ ಅವಳಿಗೆ ಬರೀ ಆಟವಾಗಿರಲಿಲ್ಲ. ಉಳಿದದ್ದು ಒಂದೇ ಜಾಗ, ಎದುರಿಗೆ ಆಳಂದದ ಐಶ್ವರ್ಯಾ.

ಹುಡುಗಿಯರ ಆಯ್ಕೆಗೆ ಹುಡುಗರ ಟೀಮಿನವನೊಬ್ಬ ಅಂಪೈರ್ ಆಗುವುದು ಅಲ್ಲಿಯ ಪದ್ಧತಿ. ಕೋಚ್ ದೇವೀಂದ್ರಪ್ಪ ಮಾಳಿಂಗನನ್ನು ಎತ್ತರದ ಕುರ್ಚಿಗೆ ಹತ್ತಿಸಿದರು.

"ವಿಜಿ ಗೆದ್ದಂಗ ಬಿಡ್ರಿ," ಅಂದ ಅವನ ಗೆಳೆಯ ಮಹಮ್ಮದ, ಎಲ್ಲರಿಗೂ ಕೇಳುವಂತೆ. "ಜಡ್ಜ್ ಮನಿಯಾಂವನೇ ಅದಾನ."

ಎಲ್ಲರೂ ನಕ್ಕರು. ಮಾಳಿಂಗ ನಗಲಿಲ್ಲ. ಆಟ ಮುಗಿಯುವತನಕ ಅವಳ ಕಡೆ ಒಮ್ಮೆಯೂ ನೋಡಲಿಲ್ಲ.

ಕೊನೆಯ ಸೆಟ್ಟಿನಲ್ಲಿ ಐಶ್ವರ್ಯಾಗೆ ಮ್ಯಾಚ್ ಪಾಯಿಂಟ್ ಬಂತು, ಇನ್ನೊಂದು ಪಾಯಿಂಟ್ ಸಿಕ್ಕರೆ ಗೆದ್ದಂತೆ. ವಿಜಯಶ್ರೀ ಬದಿಯ ಗೆರೆಗುಂಟ ಹೊಡೆದಳು. ಚೆಂಡು ಐಶ್ವರ್ಯಾಳ ರ್‍ಯಾಕೆಟ್ಟಿಗೆ ಸಿಗದೆ ಹೋಯಿತು. ಗೆರೆಯ ಸುಣ್ಣ ಪುಡಿಯಾಗಿ ಹಾರಿದಂತೆ ಕಂಡಿತು.

"ಔಟ್," ಅಂದ ಮಾಳಿಂಗ.

ಕೆಂಪು ಮಣ್ಣಿನ ಕೋರ್ಟಿನಲ್ಲಿ ಚೆಂಡು ಬಿದ್ದ ಗುರುತು ಉಳಿಯುತ್ತದೆ. ಅವಳು ಕೈ ಎತ್ತಿ ಕೇಳಿದ್ದರೆ ಅವನು ಇಳಿದು ಬಂದು ನೋಡಲೇಬೇಕಿತ್ತು. ಅವಳು ಕೇಳಲಿಲ್ಲ. ಮಾಳಿಂಗನೇ ಹೇಳಿದ ಮೇಲೆ ತನ್ನ ಕಣ್ಣೇ ತಪ್ಪಿರಬೇಕು ಅಂದುಕೊಂಡು, ಹೋಗಿ ಐಶ್ವರ್ಯಾಳ ಕೈ ಕುಲುಕಿದಳು. ನೀರಿನ ಬಾಟಲಿ ತರಲು ಆ ಬದಿಗೆ ಹೋದಾಗ ಗುರುತು ಕಣ್ಣಿಗೆ ಬಿತ್ತು. ಅರ್ಧ ಗೆರೆಯ ಮೇಲೇ ಇತ್ತು. ಗೆರೆ ಮುಟ್ಟಿದ ಚೆಂಡು ಇನ್.

ಮರುದಿನ ಅವಳು ಊರಿಗೆ ಹೊರಟಾಗ ಮಾಳಿಂಗ ಬಸ್ ಸ್ಟ್ಯಾಂಡಿಗೆ ಬಂದ. ಮುಂಜಾನೆಯೇ ಕೋಚ್ ಹತ್ತಿರ ನಿಜ ಹೇಳಿದ್ದನಂತೆ. ಕೈ ಕುಲುಕಿದ ಮೇಲೆ ಪಂದ್ಯ ಮುಗಿದಂತೆ, ಇನ್ನು ಏನೂ ಬದಲಾಗುವುದಿಲ್ಲ ಅಂದರಂತೆ ಅವರು.

"ನನಗ ಕಂಡಿತ್ತು, ವಿಜಿ. ಇನ್ ಅಂದಿದ್ರ ನಿನ್ನ ಸಲುವಾಗಿ ಅಂದೆ ಅಂತಿದ್ರು ಮಂದಿ. ಬಾಯಿಗೆ ಔಟ್ ಬಂತು."

"ನನ್ನ ಸಲುವಾಗಿ ಅಂದ್ರ?"

ಅವನು ತಲೆ ತಗ್ಗಿಸಿದ. "ನನ್ನ ಜೀವ ನಿನ್ನ ಮ್ಯಾಲೆ ಅದ. ಕರಜಗಿಗೆ ಬರ್ತೇನಿ. ನಿಮ್ಮಪ್ಪನ ಮುಂದ ಕುಂತು ಕೇಳ್ತೇನಿ."

ಈ ಮಾತಿಗಾಗಿ ಅವಳು ವರ್ಷವಿಡೀ ಕಾದಿದ್ದಳು. ಬಂತು, ಆದರೆ ಈ ಹೊತ್ತಿನಲ್ಲಿ ಬಂತು. ಅವನ ಕಾಲರ್ ಒಂದು ಕಡೆ ಮಡಚಿತ್ತು, ಸರಿ ಮಾಡಿದಳು. ಅವನನ್ನು ಅವಳು ಮುಟ್ಟಿದ್ದು ಅದೇ ಮೊದಲು.

"ಬರಬ್ಯಾಡ," ಅಂದಳು. "ಅಲ್ಲಿ ನಗಾವ್ರು ಮಹಮ್ಮದನಂಥಾ ಗೆಳೆಯಾರಲ್ಲ. ಜಾತಿ ಹಿಡದು ಎರಡೂ ಊರು ಸೇರಿ ಅಂತಾರ. ಒಂದು ಚಾಷ್ಟಿ ಮಾತಿಗೆ, ನಾಕು ಮಂದಿ ನಕ್ಕಿದ್ದಕ್ಕ, ನನ್ನ ಬಿಟ್ಟುಕೊಟ್ಟಿ, ಮಾಳಿಂಗ. ಅವತ್ತ ನಿನ್ನ ಬಾಯಿಗೆ ಏನ್ ಬರ್ತದಂತ ನನಗ ಗೊತ್ತಿಲ್ಲ. ನಿನಗೂ ಗೊತ್ತಿಲ್ಲ."

ಅವನು ಸುತ್ತಲಿನ ಮಂದಿಯ ಕಡೆ ಒಮ್ಮೆ ನೋಡಿದ. ಕರಜಗಿಯತ್ತ ಹೋಗುವ ಬಸ್ಸಿನ ಕಂಡಕ್ಟರ್ ಅಫಜಲಪುರ, ಅಫಜಲಪುರ ಎಂದು ಕೂಗುತ್ತಿದ್ದ. ಅವಳು ಅವನ ಉತ್ತರಕ್ಕೆ ಇನ್ನೂ ಒಂದು ಗಳಿಗೆ ಕಾದಳು, ನಿಜಕ್ಕೂ ಕಾದಳು. ಆಮೇಲೆ ಬಸ್ ಹತ್ತಿ, ಅವನು ನಿಂತ ಕಡೆಯ ಕಿಟಕಿ ಬಿಟ್ಟು ಆಚೆ ಬದಿಗೆ ಕುಳಿತಳು.